ರೋಮಿನಲ್ಲಿ ಉಳಿದ ಎಡಗಾಲಿನ ಶೂ

ಕೆಂಡಲ್ ಪಾರ್ಕಿನ ಈ ಮನೆಗೆ ಬಂದು ಮೂರು ವಾರವಾಯಿತು. ಜರ್ಸಿ ಸಿಟಿಯ ಅಪಾರ್ಟ್‌ಮೆಂಟಿನಿಂದ ತಂದ ಪೆಟ್ಟಿಗೆಗಳು ಬೇಸ್‌ಮೆಂಟಿನಲ್ಲಿ ಇನ್ನೂ ಹಾಗೇ ಬಿದ್ದಿವೆ. ಮೊನ್ನೆ ಶುಕ್ರವಾರ ಅವುಗಳಲ್ಲೊಂದನ್ನು ಬಿಚ್ಚಿದ ನನ್ನ ಹೆಂಡತಿ ಶಾರದ, ಹಳೆಯ ಪಾಲಿಶಿನ ವಾಸನೆ ಹೊಡೆಯುವ ಕಪ್ಪು ಶೂ ಒಂದನ್ನು ಎರಡೇ ಬೆರಳಲ್ಲಿ ಹಿಡಿದುಕೊಂಡು ಮೇಲೆ ಬಂದಳು.

"ಏನ್ರೀ, ಇದರ ಜೊತೇದು ಎಲ್ಲಿ?"

"ರೋಮಿನಲ್ಲಿ" ಎಂದುಬಿಟ್ಟೆ. ಮದುವೆಯಾದಂದಿನಿಂದ ಒಂಬತ್ತು ವರ್ಷ ಮುಚ್ಚಿಟ್ಟ ಸಂಗತಿ ಒಂದೇ ಮಾತಿನಲ್ಲಿ ಹೊರಬಿತ್ತು. ಅವಳು ಕುರ್ಚಿ ಎಳೆದುಕೊಂಡು ಕುಳಿತಳು. ನೀವೂ ಕುಳಿತುಕೊಳ್ಳಿ, ನನ್ನ ಮಾನ ಹೋಗುವುದು ಸ್ವಲ್ಪ ನಿಧಾನ.

ಆಗ ನಾನು, ಮೈಸೂರಿನ ವಾಸು, ಧಾರವಾಡದ ಬಸವರಾಜ ಒಂದೇ ಅಪಾರ್ಟ್‌ಮೆಂಟಿನಲ್ಲಿದ್ದ ಬ್ರಹ್ಮಚಾರಿಗಳು. ಮೂವರೂ ಒಟ್ಟಿಗೆ ಅಮೆರಿಕದಿಂದ ಊರಿಗೆ ಹೊರಟಿದ್ದೆವು. ಅದೇ ಟಿಕೆಟ್ಟಿನಲ್ಲಿ ರೋಮಿನಲ್ಲಿ ಎರಡು ದಿನ ಇಳಿಯಬಹುದು ಎಂದು ಟ್ರಾವೆಲ್ ಏಜೆಂಟ್ ಹೇಳಿದ. ಪುಕ್ಕಟೆ ಸಿಕ್ಕ ರೋಮನ್ನು ಬಿಡುವುದುಂಟೇ? ಊರಿಗೆ ಹೋದೊಡನೆ ಬೆಂಗಳೂರಿನಲ್ಲಿ ನಾನು ಹೆಣ್ಣು ನೋಡುವುದೆಂದು ನಿಶ್ಚಯವಾಗಿತ್ತು. ಫೋಟೋದಲ್ಲೇ ನಾನು ಶಾರದಳನ್ನು ಒಪ್ಪಿಯಾಗಿತ್ತು. ಅವಳು ನನ್ನನ್ನು ಒಪ್ಪಬೇಕಿತ್ತು, ಅಷ್ಟೆ. ಆ 'ಅಷ್ಟೆ'ಯ ಭಯಕ್ಕೆ ಮ್ಯಾನ್‌ಹ್ಯಾಟನ್ನಿಗೆ ಹೋಗಿ ಒಂದು ಜೊತೆ ಹೊಸ ಶೂ ಕೊಂಡು, ಹಳೆಯದನ್ನು ಅಲ್ಲೇ ಬಿಸಾಡಿ ಬಂದೆ. ಮುಖವನ್ನಂತೂ ಬದಲಾಯಿಸುವಂತಿರಲಿಲ್ಲ.

ರೋಮಿನಲ್ಲಿ ಮೂವರಿಗೂ ಒಂದೇ ರೂಮು. ಊಟಕ್ಕೆ ಅವಲಕ್ಕಿ, ಚಟ್ನಿಪುಡಿ. ಜರ್ಸಿ ಸಿಟಿಯ ಲೈಬ್ರರಿಯಿಂದ ತಂದ ಗೈಡ್‌ಬುಕ್ಕು ಎಷ್ಟು ಹಳೆಯದೆಂದರೆ, ಅದರಲ್ಲಿದ್ದ ಟ್ರಾಮುಗಳು ಓಡುವುದನ್ನೇ ನಿಲ್ಲಿಸಿದ್ದವು. ಹಾಗಾಗಿ ನಡೆದೆವು. ಟಿಕೆಟ್ ಕೇಳುವ ಜಾಗಗಳನ್ನೆಲ್ಲ ವಾಸು ಹೊರಗಿನಿಂದಲೇ ಒಂದು ಸುತ್ತು ನೋಡಿ, "ಒಳಗೂ ಹೀಗೇ ಇರತ್ತೆ ಬಿಡ್ರೋ" ಎಂದು ತೀರ್ಪು ಕೊಡುತ್ತಿದ್ದ. ಎರಡು ಸಾವಿರ ವರ್ಷದ ಇತಿಹಾಸವನ್ನು ನಾವು ಕಾಂಪೌಂಡಿನ ಆಚೆಯಿಂದಲೇ ಮುಗಿಸಿದೆವು.

ಎರಡನೆಯ ದಿನ ಭಾನುವಾರ. ಗಲ್ಲಿಯೊಂದರಲ್ಲಿ ಹೆಸರು ಮರೆತುಹೋದ ಹಳೆಯ ಚರ್ಚು ಸಿಕ್ಕಿತು. ಪ್ರವೇಶಕ್ಕೆ ದುಡ್ಡಿಲ್ಲವೆಂದು ಖಾತ್ರಿಯಾದ ಮೇಲೆ ವಾಸು ಮುಂದೆ ಹೊರಟ. ಬಸವರಾಜ ಮೆಟ್ಟಿಲ ಮೇಲೆ ನಿಂತುಬಿಟ್ಟ.

"ದೇವರ ಮನ್ಯಾಗ ಬೂಟು ಹಾಕ್ಕೊಂಡು ಹ್ಯಾಂಗ ಹೋಗೂದೋ?"

"ಎಲ್ರೂ ಹಾಕ್ಕೊಂಡೇ ಹೋಗ್ತಿದಾರಲ್ಲೋ" ಎಂದ ವಾಸು.

"ಅವರದು ಆ ದೇವರಿಗೆ ರೂಢಿ ಆಗೇತಿ. ನಮ್ಮನ್ನ ಈಗ ಮೊದಲನೇ ಸಲ ನೋಡಾಕತ್ತಾನ."

ಅವರಿಬ್ಬರೂ ಶೂ ಬಿಚ್ಚಿ ಬಾಗಿಲ ಪಕ್ಕದಲ್ಲಿ ಜೋಡಿಯಾಗಿಟ್ಟರು. ನಾನು ಹಾಗೆ ಮಾಡುವ ಪೆದ್ದನೇ? ಚಾಪೆಯ ಕೆಳಗೆ ತೂರುವ ಕಳ್ಳನಿದ್ದರೆ ರಂಗೋಲಿಯ ಕೆಳಗೆ ತೂರುವವನು ನಾನು. ನಮ್ಮ ದೇವಸ್ಥಾನಗಳಲ್ಲಿ, ಮದುವೆ ಛತ್ರಗಳಲ್ಲಿ ಚಪ್ಪಲಿ ಉಳಿಸಿಕೊಳ್ಳುವ ಉಪಾಯ ನಿಮಗೂ ಗೊತ್ತಿರಬೇಕು. ಒಂದನ್ನು ಇಲ್ಲಿ ಬಿಟ್ಟು ಇನ್ನೊಂದನ್ನು ದೂರ ಬಿಡುವುದು. ಒಂಟಿ ಚಪ್ಪಲಿಯನ್ನು ಯಾವ ಕಳ್ಳ ಮುಟ್ಟುತ್ತಾನೆ? ಬಲಗಾಲಿನದನ್ನು ಬಾಗಿಲ ಬಳಿ ಬಿಟ್ಟೆ, ಎಡಗಾಲಿನದನ್ನು ಮೆಟ್ಟಿಲ ಕೆಳಗಿನ ಕಂಬದ ಹಿಂದೆ.

ಹೊರಗೆ ಬಂದಾಗ ಬಲಗಾಲಿನದಿತ್ತು. ಕಂಬದ ಹಿಂದೆ ಕಲ್ಲು ಫಳಫಳ ಹೊಳೆಯುತ್ತಿತ್ತು. ಪೊರಕೆ ಹಿಡಿದಿದ್ದ ಮುದುಕಿಗೆ ನನ್ನ ಬರಿಗಾಲು ತೋರಿಸಿದೆ. ಅವಳು ತಲೆ ಚಚ್ಚಿಕೊಂಡಳು. ಒಂಟಿ ಶೂ, ಯಾರೋ ಬಿಸಾಡಿದ್ದು, ಕಸದ ಗಾಡಿಗೆ ಹಾಕಿದೆ, ಗಾಡಿ ಹೋಯಿತು ಎಂದು ಕೈಯಲ್ಲೇ ತೋರಿಸಿದಳು. ಆಮೇಲೆ ನನ್ನ ಗೆಳೆಯರ ಶೂಗಳ ಕಡೆ ಬೆರಳು ಮಾಡಿ, ಹೀಗೆ ಜೋಡಿಯಾಗಿಡಬಾರದಿತ್ತೇ ಎಂಬಂತೆ ಬೈಯತೊಡಗಿದಳು. ಇಟಾಲಿಯನ್ ನನಗೆ ಬಾರದು. ಆದರೆ ರಾಗ ನಮ್ಮಜ್ಜಿಯದೇ ಆದ್ದರಿಂದ ಅರ್ಥವಾಗದೆ ಉಳಿದದ್ದು ಕಡಿಮೆ.

ಭಾನುವಾರ, ಅಂಗಡಿಗಳೆಲ್ಲ ಮುಚ್ಚಿದ್ದವು. ಸಂಜೆಗೇ ವಿಮಾನ. ನಾನು ಮೆಟ್ಟಿಲ ಮೇಲೆ ಕುಳಿತು, "ಮುಗೀತು ಕಣ್ರೋ, ಈ ಸಂಬಂಧ ಮುಗೀತು" ಎಂದೆ. ನಗಬೇಡಿ, ನಿಜಕ್ಕೂ ಅಳು ಬಂದಿತ್ತು. ವಾಸುವಿನ ಶೂ ನನ್ನ ಹೆಬ್ಬೆರಳಿಗೇ ಸಾಲದು. ಬಸವರಾಜ ತನ್ನ ಶೂಗಳನ್ನು ನನ್ನ ಮುಂದಿಟ್ಟು, ಚೀಲದಿಂದ ಬಾತ್‌ರೂಮಿನ ಹವಾಯಿ ಚಪ್ಪಲಿ ತೆಗೆದು ಮೆಟ್ಟಿಕೊಂಡ.

"ನೀನು ಊರಿಗೆ ಹೀಗೇ ಹೋಗ್ತೀಯೇನೋ?" ಎಂದೆ.

"ನಾ ನಮ್ಮವ್ವನ್ನ ನೋಡಾಕ ಹೊಂಟೀನಿ. ಅಕಿ ನನ್ನ ಬರಿಗಾಲು ಮೊದಲಽ ನೋಡ್ಯಾಳ. ನೀ ಹಾಕ್ಕೋ."

ಅವು ನನಗೆ ಎರಡು ಸೈಜು ದೊಡ್ಡವು. ಮುಂದುಗಡೆ ಇಟಾಲಿಯನ್ ಪೇಪರು ತುರುಕಿಕೊಂಡೆ. ನಾನು ಹೆಜ್ಜೆಯಿಟ್ಟ ಮೇಲೆ ಶೂ ಒಂದು ಕ್ಷಣ ಯೋಚಿಸಿ ಹಿಂದೆ ಬರುತ್ತಿತ್ತು. ಬೆಂಗಳೂರಿನಲ್ಲಿ ಇಳಿದೊಡನೆ ಅಪ್ಪ, "ಮೂರರವರೆಗೆ ಮಾತ್ರ ಒಳ್ಳೇ ಗಳಿಗೆ, ನೇರ ಅವರ ಮನೆಗೇ ಹೋಗೋಣ" ಎಂದು ಟ್ಯಾಕ್ಸಿಗೆ ತುಂಬಿದರು. ಹೆಣ್ಣಿನ ಮನೆಯ ಬಾಗಿಲಲ್ಲಿ ನೋಡುತ್ತೇನೆ, ಅಪ್ಪ ಚಪ್ಪಲಿ ಬಿಡುತ್ತಿದ್ದಾರೆ! ಯಾವ ಶೂಗಾಗಿ ರೋಮಿನಿಂದ ಇಲ್ಲಿಯವರೆಗೆ ನಿದ್ದೆಗೆಟ್ಟಿದ್ದೆನೋ ಅದನ್ನು ಹೊಸ್ತಿಲಾಚೆಗೇ ಬಿಡಬೇಕು. ರೋಮಿನ ಚರ್ಚಿನಲ್ಲಿ ನೆನಪಾದ ಪದ್ಧತಿ ಬೆಂಗಳೂರಿನ ಮನೆಗೂ ಉಂಟೆಂದು ನನಗೆ ಹೊಳೆದೇ ಇರಲಿಲ್ಲ. ಬದುಕಿದೆ ಎಂದುಕೊಂಡು ಕಾಲುಚೀಲದಲ್ಲೇ ಒಳಗೆ ಹೋದೆ. ಶಾರದ ಒಪ್ಪಿದಳು. ಯಾರೂ ಏನೂ ನೋಡಲಿಲ್ಲವೆಂಬ ಧೈರ್ಯದಲ್ಲಿ ಇಷ್ಟು ವರ್ಷ ಸಂಸಾರ ಮಾಡಿದೆ.

ಕಥೆ ಮುಗಿದಾಗ ಶಾರದ ನಗಲಿಲ್ಲ.

"ನಾನು ನೋಡಿದ್ದೆ" ಎಂದಳು.

"ಏನನ್ನ?"

"ಶೂನ. ಕಾಫಿ ತರೋಕೆ ಮುಂಚೆ ಹಿತ್ತಲಿಂದ ಸುತ್ಕೊಂಡು ಬಂದು ಬಾಗಿಲ ಹತ್ರ ನೋಡಿದೆ. ದೋಣಿ ಥರ ಇತ್ತು, ಒಳಗೆಲ್ಲ ಪೇಪರು. ಅಮೆರಿಕದ ಗಂಡು ಅಂತ ಎರಡು ದಿನದಿಂದ ಊಟ ಸೇರಿರಲಿಲ್ಲ ನಂಗೆ. ಅದನ್ನ ನೋಡಿ ಭಯ ಹೋಯ್ತು. ಯಾರೋ ಕಾಲಲ್ಲಿರೋದನ್ನ ಬಿಚ್ಚಿ ಕೊಟ್ಟಿದಾರೆ ಅಂದ್ರೆ ಈ ಮನುಷ್ಯ ಕೆಟ್ಟೋನಿರಲಾರ ಅಂದ್ಕೊಂಡೆ."

"ಹಾಗಾದ್ರೆ ನೀನು ಒಪ್ಪಿದ್ದು ಬಸವರಾಜನ್ನ ಅಂದಂಗಾಯ್ತು."

"ಮೊಣಕಾಲಿನ ಕೆಳಗೆ ಮಾತ್ರ" ಎಂದು ಶೂವನ್ನು ಮೇಜಿನ ಮೇಲಿಟ್ಟು ಒಳಗೆ ಹೋದಳು.

ಮಗ ಹವಾಯಿ ಚಪ್ಪಲಿಯಲ್ಲಿ ಬಂದನೆಂದು, ಅಮೆರಿಕದಲ್ಲಿ ಅವನಿಗೆ ಶೂ ಕೊಳ್ಳಲೂ ಗತಿಯಿಲ್ಲವೆಂದುಕೊಂಡು, ಬಸವರಾಜನ ತಾಯಿ ಅವನನ್ನು ವಾಪಸು ಕಳಿಸಲೇ ಒಪ್ಪಿರಲಿಲ್ಲವಂತೆ. ಅದನ್ನೂ ಅವನು ನಗುತ್ತಲೇ ಹೇಳಿದ್ದ, ನಾನೂ ನಕ್ಕು ಸುಮ್ಮನಾಗಿದ್ದೆ. ಈ ಬೆಳಿಗ್ಗೆ ಅವನು ಹೊಸ ಮನೆ ನೋಡಲು ಸೀಕಾಕಸ್‌ನಿಂದ ಡ್ರೈವ್ ಮಾಡಿಕೊಂಡು ಬಂದ. ಬಾಗಿಲಲ್ಲಿ ಶೂ ಬಿಚ್ಚಿ, ಬೊಜ್ಜಿನಿಂದಾಗಿ ಬಗ್ಗಲಾರದೆ, ಒಂದನ್ನು ಅತ್ತ ಒಂದನ್ನು ಇತ್ತ ಬಿಟ್ಟ. ನಾನು ಬಗ್ಗಿ ಎರಡನ್ನೂ ಎತ್ತಿಕೊಂಡೆ.

"ಏನೋ ಇದು? ಬಿಡೋ, ಯಾರು ಒಯ್ತಾರ?" ಎಂದ.

ನಾನು ಅವುಗಳನ್ನು ಒಳಗೆ ತಂದು, ನನ್ನ ಶೂಗಳ ಪಕ್ಕದಲ್ಲಿ, ಜೋಡಿಯಾಗಿಟ್ಟೆ.