ಏರಿಯ ಬುಡದಲ್ಲಿ ಕೂತ ಹಿರಿಯರು

ಜಯಮಾಲಾ ಸಣ್ಣಾಕೆ ಇದ್ದಾಗಿನಿಂದಲೂ ಹಟಮಾರಿ. ಹಿಡಿದದ್ದನ್ನು ಬಿಡುವವಳಲ್ಲ. ಉದಗೀರಿನಲ್ಲಿ ಕಾಲೇಜು ಮುಗಿಸಿ ಮುಂದೆ ಇಂಜಿನಿಯರ್ ಆದಳು. ಭೂಕಂಪವಾದರೆ ಯಾವ ಕೆರೆಯ ಏರಿ ನಿಲ್ಲುತ್ತದೆ, ಯಾವುದು ಕುಸಿಯುತ್ತದೆ ಎಂದು ಪರೀಕ್ಷಿಸುವುದೇ ಅವಳ ಕೆಲಸ. ಹೋದ ಬೇಸಿಗೆಯಲ್ಲಿ ವಲಾಂಡಿ ಹತ್ತಿರದ ನಮ್ಮೂರ ಕೆರೆಯ ಸರದಿ ಬಂತು. ಊರ ಮಗಳೇ ಅಲ್ಲವೇ, ಪಾಸು ಮಾಡಿ ಹೋಗುತ್ತಾಳೆ ಎಂದು ನಾವು ಆರಾಮವಾಗಿದ್ದೆವು. ಎಂಥ ಶಾಣ್ಯಾರು ನಾವು!

ನಮ್ಮ ಶಿವಭಕ್ತ ಮನೆತನಗಳಲ್ಲಿ ಸತ್ತವರನ್ನು ಸುಡುವುದಿಲ್ಲ. ಕೈಯಲ್ಲಿ ಲಿಂಗವಿಟ್ಟು, ವಿಭೂತಿ ಬಿಲ್ವಪತ್ರೆ ಏರಿಸಿ, ಸ್ವಂತ ಹೊಲದಲ್ಲಿ ಕೂಡಿಸಿ ಮಣ್ಣು ಕೊಡುತ್ತೇವೆ. ಕೆರೆ ಕಟ್ಟಿದಾಗ ಹೊಲಗಳು ಮುಳುಗಿದವು. ಉಳಿದ ತುಂಡು ಏರಿಯ ಬುಡದಲ್ಲಿತ್ತು. ಅಂದಿನಿಂದ ಅಲ್ಲೇ, ಏರಿಯ ಇಳಿಜಾರನ್ನೇ ಕೊರೆದು ಕುಣಿ ತೋಡುತ್ತ ಬಂದೆವು. ತಂಪು ಜಾಗ, ಹಿರಿಯರಿಗೆ ಹಿತ ಎಂದು ನಮ್ಮ ಸಮಾಧಾನ. ಜಯಮಾಲಾಳ ತಂದೆ ಮನ್ಮಥಪ್ಪನೂ ಅಲ್ಲೇ ಕೂತಿದ್ದ, ಏರಿಯಲ್ಲಿ ಎಲ್ಲರಿಗಿಂತ ಒಳಗೆ.

ಮಣ್ಣು ಕೊರೆಸಿ ಪರೀಕ್ಷೆ ಮಾಡಿದ ಜಯಮಾಲಾ ಊರವರನ್ನು ಗುಡಿಯ ಕಟ್ಟೆಗೆ ಕರೆಸಿದಳು.

"ಈ ಕುಣಿಯಿಂದ ಏರಿ ಬುಡ ಪೊಳ್ಳಾಗ್ಯದ. ನೀರೂ ಜಿನುಗ್ಲಾಕತ್ತದ. ಭೂಕಂಪ ಆದ್ರ ಇಲ್ಲಿಂದೇ ಕುಸೀತದ, ಕೆಳಗಿನ ಓಣಿ ಒಂದೂ ಉಳಿಯಂಗಿಲ್ಲ. ಸಮಾಧಿ ಎಲ್ಲಾ ಊರ ಮ್ಯಾಲಿನ ದಿಬ್ಬಕ್ಕ ಒಯ್ಯಬೇಕ್ರಿ. ಕುಣಿ ತುಂಬಿ, ಗಟ್ಟಿ ಮಾಡಿ, ಕಲ್ಲು ಕಟ್ಟಬೇಕು."

ಊರ ಹಿರಿಯ ಜಗದೇವಪ್ಪ ಕೆಂಡವಾದ. "ಬೇಲಿನೇ ಎದ್ದು ಹೊಲ ಮೇದಂಗಾಯ್ತು! ಮೊದಲ ನಿಮ್ಮಪ್ಪನ್ನ ಎಬ್ಬಸು. ಆಮ್ಯಾಲ ನಮ್ಮವರ ಮಾತು."

ಜಯಮಾಲಾಳ ತಾಯಿ ರಂಭಾಬಾಯಿ ಇದಕ್ಕೆ ಒಪ್ಪುವುದಿಲ್ಲವೆಂದು ಅವನಿಗೆ ಗೊತ್ತಿತ್ತು. ಜಯಮಾಲಾಳ ಮುಖ ಸಪ್ಪಗಾಯಿತು, ಮಾತು ಮಾತ್ರ ಸಡಿಲಾಗಲಿಲ್ಲ.

"ಎಬ್ಬಸ್ತೀನಿ ಕಾಕಾ."

ಮರುದಿನ ಬೆಳಿಗ್ಗೆ ಸ್ವಾಮಿಗಳು ಬಂದು ಮಂತ್ರ ಹೇಳಿದರು. ಅಗೆಯಲು ಯಾರೂ ಮುಂದೆ ಬರಲಿಲ್ಲ. ಜಯಮಾಲಾ ತಾನೇ ಗುದ್ದಲಿ ಎತ್ತಿಕೊಂಡಳು. ಕಣ್ಣೀರು ಧಾರಾಕಾರವಾಗಿ ಸುರಿಯುತ್ತಿತ್ತು, ಒರೆಸಿಕೊಳ್ಳಲೂ ಇಲ್ಲ. ಅಷ್ಟರಲ್ಲಿ ರಂಭಾಬಾಯಿ ಬಂದು ಮಗಳ ಕೈ ಹಿಡಿದಳು. ತಡೆಯಲಿಕ್ಕೇ ಬಂದಳು ಎಂದುಕೊಂಡೆವು.

"ಕಿಲ್ಲಾರಿ ಭೂಕಂಪದಾಗ ನಿಮ್ಮಣ್ಣ ಗೋಡಿ ಬಿದ್ದು ಹೋದ," ಎಂದಳು ರಂಭಾಬಾಯಿ. "ಆ ಗೋಡಿ ಕಟ್ಟಿದಾಂವಾ ನಿಮ್ಮಪ್ಪನೇ. ಕಲ್ಲಿನ ಗೋಡಿ, ಏನೂ ಆಗಂಗಿಲ್ಲ ಅಂತಿದ್ದ. ಸಾಯೋತನಾ ಒಂದಿನಾ ನೆಟ್ಟಗ ನಿದ್ದಿ ಮಾಡ್ಲಿಲ್ಲ ಯವ್ವಾ. ಮತ್ತ ಅಂವನ ಸಲುವಾಗಿ ಯಾರ ಕೂಸೂ ಸಾಯಬಾರ್ದು. ಅಗಿ."

ಜಯಮಾಲಾ ಗುದ್ದಲಿ ಹಾಕಿದಳು. ಜಗದೇವಪ್ಪ ಪಕ್ಕದಲ್ಲೇ ತನ್ನ ತಾಯಿಯ ಸಮಾಧಿಯ ಮುಂದೆ ಮೊಣಕಾಲೂರಿ ಕೂತು, ಬರಿಗೈಯಿಂದ ಮಣ್ಣು ಸರಿಸತೊಡಗಿದ.