ಬೋರ್ಡಿನ ಮೇಲೆ ಅಪ್ಪನ ಹೆಸರು

ಜಪಾನಿನ ಹಮಾಮತ್ಸುವಿನಲ್ಲಿ ಚಾಪೆಯಗಲದ ತೋಟಗಳು ಬಾಡಿಗೆಗೆ ಸಿಗುತ್ತವೆ. ಮೆಂತ್ಯ ಸೊಪ್ಪಿನ ಆಸೆಗೆ ನಾನೂ ಒಂದು ಹಿಡಿದಿದ್ದೆ. ಪಕ್ಕದ್ದು ಕಾರ್ಖಾನೆಯಲ್ಲಿ ಕೆಲಸ ಮಾಡುವ ಫಿಲಿಪೀನ್ಸಿನ ಲೋರ್ನಾಳದು.

ಒಂದು ಭಾನುವಾರ ತೋಟಗಳ ಉಸ್ತುವಾರಿ ನೋಡಿಕೊಳ್ಳುವ ಮೋರಿ-ಸಾನ್ "ಸುಮಿಮಾಸೆನ್", ಅಂದರೆ ಕ್ಷಮಿಸಿ, ಎನ್ನುತ್ತಾ ಬಂದರು. ಪ್ರತಿ ತೋಟಕ್ಕೂ ನೆಟ್ಟಿರುವ ಬೋರ್ಡಿನ ಮೇಲೆ ಬಾಡಿಗೆದಾರರ ಹೆಸರೇ ಇರಬೇಕೆಂಬುದು ರೂಲ್ಸು. ಲೋರ್ನಾ ಅಪ್ಪನ ಹೆಸರು ಬರೆದಿದ್ದಳು. ಅವಳಿಗೆ ಜಪಾನಿ ಅಷ್ಟಕ್ಕಷ್ಟೇ, ಹಾಗಾಗಿ ನಡುವೆ ನಾನು ಸಿಕ್ಕಿಕೊಂಡೆ.

"ಉಳುವವನೇ ಹೊಲದೊಡೆಯ ಅಂತ ಸ್ಕೂಲಲ್ಲಿ ಬರೆದು ಫುಲ್ ಮಾರ್ಕ್ಸ್ ತಗೊಂಡಿದ್ದೆ," ಅಂದಳು ಲೋರ್ನಾ. "ಅದೇ ವರ್ಷ ಅಪ್ಪನನ್ನ ಗೇಣಿ ಹೊಲದಿಂದ ಓಡಿಸಿದ್ರು. ಮಾರ್ಕ್ಸ್ ಕೊಟ್ಟ ಮೇಷ್ಟ್ರನ್ನೇ ಧಣಿ ಹತ್ರ ಕಳಿಸು ಅಂದ್ರು ಅಪ್ಪ. ಅಪ್ಪನ ಹೆಸರಿರೋ ಹೊಲದ ಒಂದು ಫೋಟೋ ಊರಿಗೆ ಕಳಿಸ್ಬೇಕು, ಅಷ್ಟೇ."

ಅದನ್ನು ಜಪಾನಿಗೆ ತಿರುಗಿಸಿ ಹೇಳಿದೆ. ಮೋರಿ-ಸಾನ್ ಹಲ್ಲಿನ ಸಂದಿಯಲ್ಲಿ ಗಾಳಿ ಎಳೆದುಕೊಂಡರು. ಇಲ್ಲಿ ಅದರರ್ಥ "ಕಷ್ಟ". ಆಮೇಲೆ, "ಬೋರ್ಡನ್ನು ನಾನು ನಾಳೆ ನೋಡುತ್ತೇನೆ," ಎಂದು ಟೋಪಿ ಸರಿಮಾಡಿಕೊಂಡು ಫೋಟೋಗೆ ತಾವೂ ನಿಂತರು.

ಫೋಟೋ ಕಳಿಸಿದ ತಕ್ಷಣ ಲೋರ್ನಾಳ ಅಪ್ಪನಿಂದ ಮೆಸೇಜು ಬಂತು: "ಪಕ್ಕದಲ್ಲಿರೋ ಧಣಿಗೆ ಪಾಲೆಷ್ಟು?"

ಅದನ್ನೂ ತಿರುಗಿಸಿದೆ. ಮೋರಿ-ಸಾನ್ ಗಾಬರಿಯಾಗಿ ಬಗ್ಗಿ ಬಗ್ಗಿ ನಮಸ್ಕರಿಸಿದರು. "ಪಾಲೇನೂ ಬೇಡ. ಕಳೆ ಕಿತ್ತರೆ ಸಾಕು."

ಅಷ್ಟು ಹೇಳುವಾಗ ಅವರು ನೋಡುತ್ತಿದ್ದದ್ದು ಮಾತ್ರ ನನ್ನ ತೋಟವನ್ನು.