ವಾಸನೆ ಹೋದ ಮೇಲೂ ಹದ ನೋಡುವ ಊಮ್ ಫ್ಲೋರಿಸ್

ಬೆಳಗಿನ ಜಾವ ಐದು ಗಂಟೆ. ಸೀಡರ್‌ಬರ್ಗ್ ಬೆಟ್ಟದ ನೆತ್ತಿ ಇನ್ನೂ ಕಪ್ಪಗಿದೆ. ಡೋರಿಂಗ್‌ಕ್ಲೂಫ್ ಹಳ್ಳಿಯ ಚಹಾ ಕಣದಲ್ಲಿ ಫ್ಲೋರಿಸ್ ಸಲೊಮೊ ಅಂಗಿಯ ತೋಳನ್ನು ಭುಜದವರೆಗೆ ಮಡಚಿ, ಮಂಡಿಯೂರಿ ಕುಳಿತಿದ್ದಾರೆ. ಅವರ ಬಲಗೈ ಮೊಣಕೈವರೆಗೂ ಸೊಪ್ಪಿನ ರಾಶಿಯೊಳಗಿದೆ. ರಾಶಿಯಿಂದ ತೆಳ್ಳಗೆ ಹಬೆ ಏಳುತ್ತಿದೆ. ಕವೆಗೋಲು ಹಿಡಿದ ಎಂಟು ಜನ ಹೆಂಗಸರು ಕಾಯುತ್ತಿದ್ದಾರೆ.

ಫ್ಲೋರಿಸ್ ಒಂದು ಹಿಡಿ ಸೊಪ್ಪು ಹೊರತೆಗೆಯುತ್ತಾರೆ. ಅದನ್ನು ತಮ್ಮ ಮೂಗಿನ ಬಳಿ ತರುವುದಿಲ್ಲ. ಪಕ್ಕದಲ್ಲಿ ನಿಂತ ರಾಗೆಲ್ ಕೊಪ್‌ಮನ್ ಎಂಬ ಹೆಂಗಸಿನ ಮೂಗಿಗೆ ಹಿಡಿಯುತ್ತಾರೆ.

“ಏನಂತೀಯ?”

“ಹುಲ್ಲು. ಬರೀ ಹಸಿ ಹುಲ್ಲು, ಊಮ್.”

“ಸರಿ, ಮುಚ್ಚಿ.”

ಹೆಂಗಸರು ಒದ್ದೆ ಗೋಣಿಯನ್ನು ಮತ್ತೆ ಎಳೆದು ಹೊದಿಸುತ್ತಾರೆ. ಊಮ್ ಅಂದರೆ ಇಲ್ಲಿ ದೊಡ್ಡಪ್ಪ, ಮಾವ, ಹಿರಿಯ, ಎಲ್ಲವೂ. ಅರವತ್ತೆಂಟು ವರ್ಷದ ಫ್ಲೋರಿಸ್ ಈ ಹಳ್ಳಿಗೆಲ್ಲ ಊಮ್. ಮೂವತ್ತೊಂದು ವರ್ಷದಿಂದ ಈ ಕಣದಲ್ಲಿ ಅವರದು ಒಂದೇ ಕೆಲಸ: ರಾಶಿಯ ಹದ ಹೇಳುವುದು.

ಕೆಂಪು ಚಹಾ ಕುಡಿಯುವವರಿಗೆ ಈ ಕೆಲಸ ಇದೆ ಅಂತಲೇ ಗೊತ್ತಿರುವುದಿಲ್ಲ. ರೂಯಿಬೊಸ್ ಅನ್ನುವ ಈ ಪೊದೆ ಗುಡ್ಡದ ಮೇಲೆ ನಿಂತಾಗ ಹಸಿರು; ಸೂಜಿಯಂಥ ಎಲೆ, ಅಗಿದರೆ ಕಟ್ಟಿಗೆ. ಸಿಹಿ ಅದರೊಳಗೆ ಮಲಗಿರುತ್ತದೆ. ಕುಡುಗೋಲಿನಲ್ಲಿ ಕೊಯ್ದು, ಕತ್ತೆಯ ಮೇಲೆ ಹೇರಿ ತಂದು, ಸಣ್ಣಗೆ ಕತ್ತರಿಸಿ, ಜಜ್ಜಿ, ನೀರು ಚಿಮುಕಿಸಿ ರಾಶಿ ಹಾಕಿದರೆ ರಾತ್ರಿಯಿಡೀ ಬೆವರುತ್ತದೆ. ಬೆವರುತ್ತ ಕೆಂಪಾಗುತ್ತದೆ, ಬೆಳಗಿನ ಹೊತ್ತಿಗೆ ಜೇನಿನ ವಾಸನೆ ಬಿಡುತ್ತದೆ. ಆ ಗಳಿಗೆಗೆ ರಾಶಿ ಒಡೆದು ಬಿಸಿಲಿಗೆ ಹರಡಬೇಕು. ಬೇಗ ಒಡೆದರೆ ಹುಲ್ಲು, ತಡವಾದರೆ ಹುಳಿ. ಹದಕ್ಕೆ ಬಂದ ಚಹಾಕ್ಕೆ ಸಕ್ಕರೆ ಬೇಡ. ಕೆಫೀನ್ ಇಲ್ಲದ್ದರಿಂದ ಇಲ್ಲಿನ ತಾಯಂದಿರು ಕೂಸಿನ ಬಾಟಲಿಗೂ ಅದನ್ನೇ ತುಂಬುತ್ತಾರೆ.

“ಗಡಿಯಾರ ನೋಡಿ ಆಗೋದಲ್ಲ ಇದು,” ಅನ್ನುತ್ತಾರೆ ಫ್ಲೋರಿಸ್. “ಸೆಕೆ ಇದ್ದರೆ ಎಂಟು ಗಂಟೆ ಸಾಕು, ತಂಗಾಳಿ ಬೀಸಿದರೆ ಹದಿಮೂರಾದರೂ ಬೇಕು. ಪಟ್ಟಣದಿಂದ ಯಾರೋ ಒಂದು ಮೀಟರ್ ತಂದುಕೊಟ್ಟರು. ಒಳಗೆ ಎಷ್ಟು ಬಿಸಿ ಅಂತ ಹೇಳತ್ತೆ. ಸಿಹಿ ಬಂತಾ ಅಂದರೆ ಸುಮ್ಮನಿರತ್ತೆ.”

ಈ ಮನುಷ್ಯನ ಮೂಗು ಕೂಡ ಸುಮ್ಮನಾಗಿ ಈಗ ಎರಡು ಚಳಿಗಾಲವಾಯಿತು. ಜ್ವರ ಬಂತು, ಹತ್ತು ದಿನ ಮಲಗಿದರು, ಎದ್ದರು. ಎಲ್ಲ ಸರಿಯಾಯಿತು ಅಂದುಕೊಂಡರು. ಮೊದಲು ಕಂಡುಹಿಡಿದದ್ದು ಹೆಂಡತಿ ಸಾನ್ನಾ.

“ನಾನು ಚರ್ಚಿಗೆ ಹೋಗಿದ್ದೆ. ಒಲೆಯೊಳಗೆ ಬ್ರೆಡ್ಡು ಕರಕಲಾಗಿ ಬೀದಿಗೆಲ್ಲ ವಾಸನೆ. ಓಡಿ ಬಂದು ನೋಡಿದರೆ ಈ ಮುದುಕ ಒಲೆಗೆ ಬೆನ್ನು ಕೊಟ್ಟು ಕೂತು ಬೂಟಿಗೆ ಎಣ್ಣೆ ತಿಕ್ಕುತ್ತಿದಾನೆ! ಬೈಯೋಣ ಅಂತ ಬಾಯಿ ತೆಗೆದೆ. ಅವನ ಮುಖ ನೋಡಿ ಬಾಯಿ ಮುಚ್ಚಿಕೊಂಡೆ.”

“ಅದೊಂದೇ ಸಲ ಅವಳು ಬಾಯಿ ಮುಚ್ಚಿದ್ದು,” ಅನ್ನುತ್ತಾರೆ ಫ್ಲೋರಿಸ್.

ಗಂಡಹೆಂಡಿರು ಯಾರಿಗೂ ಹೇಳಲಿಲ್ಲ. ಹದಿನಾಲ್ಕು ಮನೆಯ ಸೊಪ್ಪು ಒಂದೇ ಕಣಕ್ಕೆ ಬರುತ್ತದೆ. ಆ ಮೂಗು ಸತ್ತಿದೆ ಅಂದರೆ ಊರಿಗೇ ದಿಗಿಲು. ಮತ್ತೆ, ಹದ ಹೇಳದ ಫ್ಲೋರಿಸ್ ಈ ಊರಿಗೆ ಯಾರು? ಬೇಸಿಗೆ ಬಂದಾಗ ಅವರು ಒಂದು ಉಪಾಯ ಹೂಡಿದರು. ಹಿಡಿ ಸೊಪ್ಪು ತೆಗೆದು ಹೆಂಗಸರ ಮೂಗಿಗೆ ಹಿಡಿದು, ಮೇಷ್ಟರ ಹಾಗೆ ಕೇಳತೊಡಗಿದರು: “ಹೇಳು ನೋಡೋಣ, ಏನು ವಾಸನೆ?” ಊಮ್‌ಗೆ ವಯಸ್ಸಾಯಿತು, ನಮಗೆ ವಿದ್ಯೆ ಕಲಿಸುತ್ತಿದ್ದಾರೆ ಅಂತ ಹೆಂಗಸರು ಹಿಗ್ಗಿದರು. ಅವರ ಮುಖ ಓದಿ ಫ್ಲೋರಿಸ್ ಹದ ಹೇಳಿದರು. ಮೂವತ್ತು ರಾಶಿ ಹೀಗೇ ದಾಟಿತು.

ಆದರೆ ಪರೀಕ್ಷೆ ಅಂದಮೇಲೆ ಮೇಷ್ಟರಿಗೆ ಬೇಕಾದ ಉತ್ತರವನ್ನೇ ಕೊಡುವುದು ಮನುಷ್ಯರ ಗುಣ. ‘ಜೇನು’ ಅಂದಾಗ ಊಮ್ ಮುಖ ಅರಳುತ್ತಿತ್ತು. ಆ ಬೇಸಿಗೆಯ ಅತಿ ದೊಡ್ಡ ರಾಶಿಯ ಬೆಳಿಗ್ಗೆ ಅವರು ಹಿಡಿ ಸೊಪ್ಪು ಹಿಡಿದದ್ದು ರಾಗೆಲ್ ಮೂಗಿಗೆ. ಐವತ್ತೆರಡರ ವಿಧವೆ. ಇಡೀ ವರ್ಷದ ಅವಳ ಸೊಪ್ಪಿನಲ್ಲಿ ಅರ್ಧಕ್ಕಿಂತ ಹೆಚ್ಚು ಅದೇ ರಾಶಿಯಲ್ಲಿತ್ತು.

“ಹುಳಿ ವಾಸನೆ ಶುರುವಾಗಿತ್ತು,” ಅನ್ನುತ್ತಾಳೆ ರಾಗೆಲ್. “ನನಗೆ ಗೊತ್ತಾಯ್ತು. ಅದಕ್ಕೂ ಮುಂಚೆ, ಊಮ್ ‘ಇನ್ನೊಂದು ಗಂಟೆ ಬಿಡಿ’ ಅಂದಾಗಲೇ ಬೇಡ ಅನ್ನಿಸಿತ್ತು. ಆದರೆ ಊಮ್ ಎದುರು ನಿಂತು ‘ಅಲ್ಲ’ ಅನ್ನೋದು ಹೇಗೆ? ನನ್ನ ಅವ್ವ ಅಂದಿಲ್ಲ, ನನ್ನ ಗಂಡ ಅಂದಿಲ್ಲ. ಆಗ ಹೂಂ ಅಂದೆ, ಆಮೇಲೆ ಜೇನು, ಊಮ್, ಅಂದುಬಿಟ್ಟೆ. ನನ್ನ ಸೊಪ್ಪಿಗೆ ನಾನೇ ಮಣ್ಣು ಹಾಕಿದೆ.”

ಕೊಳ್ಳುವವರು ರುಚಿ ನೋಡಿ ಉಗುಳಿ, ಅಷ್ಟೂ ಮೂಟೆ ವಾಪಸು ಕಳಿಸಿದರು. ಆ ಚಳಿಗಾಲ ಹಳ್ಳಿಯ ಕತ್ತೆಗಳು ರೂಯಿಬೊಸ್ ಹಾಸಿನ ಮೇಲೆ ಮಲಗಿದವು. ರಾಗೆಲ್ ಮಗಳು ಪಟ್ಟಣದ ಶಾಲೆ ಬಿಟ್ಟು ಹಣ್ಣಿನ ತೋಟದ ಕೂಲಿಗೆ ಹೋದಳು. ಇನ್ನೂ ವಾಪಸು ಬಂದಿಲ್ಲ.

ಮೂಟೆ ವಾಪಸು ಬಂದ ಮುಂದಿನ ಭಾನುವಾರ ಪ್ರಾರ್ಥನೆ ಮುಗಿದ ಮೇಲೆ ಫ್ಲೋರಿಸ್ ಚರ್ಚಿನ ಮೆಟ್ಟಿಲ ಮೇಲೆ ನಿಂತು, ಟೋಪಿ ಕೈಯಲ್ಲಿ ಹಿಡಿದು, ಎಲ್ಲವನ್ನೂ ಹೇಳಿದರು. ಯಾರೂ ಬೈಯಲಿಲ್ಲ. “ಬೈದಿದ್ದರೆ ಚೆನ್ನಾಗಿತ್ತು,” ಅನ್ನುತ್ತಾರೆ. “ಒಬ್ಬೊಬ್ಬರೇ ಮನೆಗೆ ಹೋದರು. ನಾನು ಅಲ್ಲೇ ನಿಂತಿದ್ದೆ. ಸಾನ್ನಾ ಬಂದು ತಲೆಗೆ ಟೋಪಿ ಇಟ್ಟಳು.”

ಕಣದ ಕೆಲಸ ಬಿಡುತ್ತೇನೆ ಅಂತ ಫ್ಲೋರಿಸ್ ಅಂದದ್ದಕ್ಕೆ ಒಪ್ಪದಿದ್ದವಳು ರಾಗೆಲ್. ಈ ಬೇಸಿಗೆಯ ಮೊದಲ ರಾಶಿಯ ದಿನ ಅವರ ಬಾಗಿಲು ತಟ್ಟಿ, “ನಿಮ್ಮ ಕೈ, ನನ್ನ ಮೂಗು. ಬನ್ನಿ,” ಅಂದಳಂತೆ. ಅಷ್ಟೇ. ಕಣದ ಆಚೆ ಇಬ್ಬರಿಗೂ ಮಾತಿಲ್ಲ. ಬೀದಿಯಲ್ಲಿ ಎದುರಾದರೆ ಅವಳು ಆ ಕಡೆ ತಿರುಗುತ್ತಾಳೆ.

ಮನೆಯಲ್ಲಿ ಸಾನ್ನಾ ಕೊಡುವ ಚಹಾ ಅವರಿಗೆ ಈಗ ಬಿಸಿ ನೀರು. ಬಟ್ಟಲಿಗೆ ಸಕ್ಕರೆ ಹಾಕುವವರನ್ನು ನಲವತ್ತು ವರ್ಷ ಹಂಗಿಸಿದ ಮನುಷ್ಯ ಈಗ ಅವಳು ಆಚೆ ತಿರುಗಿದಾಗ ಮೂರು ಚಮಚ ಸುರಿದುಕೊಳ್ಳುತ್ತಾರೆ. “ಕಳ್ಳ,” ಅನ್ನುತ್ತಾಳೆ ಸಾನ್ನಾ, “ಚಮಚದ ಸದ್ದು ನನಗೆ ಕೇಳಿಸಲ್ವಾ?” ಫ್ಲೋರಿಸ್ ನಗುವುದಿಲ್ಲ.

ಇವತ್ತಿನದು ಈ ಬೇಸಿಗೆಯ ಕೊನೆಯ ರಾಶಿ. ಇಪ್ಪತ್ತು ಮಾರು ಉದ್ದ, ಮಂಡಿಯೆತ್ತರ. ಇನ್ನೊಮ್ಮೆ ಹುಳಿ ಬಂದರೆ ಲಾರಿ ಬೆಟ್ಟ ಹತ್ತುವುದಿಲ್ಲ ಅಂತ ಕೊಳ್ಳುವವರು ಹೇಳಿ ಕಳಿಸಿದ್ದಾರೆ. ಲಾರಿ ಬರದಿದ್ದರೆ ಕಣವೂ ಇಲ್ಲ. ಆರು ಗಂಟೆಗೆ ಒಮ್ಮೆ ನೋಡಿದಾಗಲೂ ಹುಲ್ಲೇ. ಆರೂವರೆಗೆ ಬೆಟ್ಟದ ಅಂಚು ಬೆಳ್ಳಗಾಗಿದೆ. ಫ್ಲೋರಿಸ್ ಮತ್ತೆ ಮಂಡಿಯೂರಿ ಕೈ ಹಾಕುತ್ತಾರೆ. ಈ ಸಲ ಬಹಳ ಹೊತ್ತು.

“ಇನ್ನೂ ಅರ್ಧ ಗಂಟೆ ಬೇಕು,” ಅನ್ನುತ್ತಾರೆ. “ತಳ ತಣ್ಣಗಿದೆ.”

ರಾಗೆಲ್ ಅವರ ಅಂಗೈಗೆ ಬಗ್ಗಿ ಮೂಸುತ್ತಾಳೆ. ನೆಟ್ಟಗೆ ನಿಲ್ಲುತ್ತಾಳೆ. ಕವೆಗೋಲುಗಳೆಲ್ಲ ಅಲುಗದೆ ನಿಂತಿವೆ.

“ಅಲ್ಲ, ಊಮ್. ಈಗಲೇ.”

“ತಳ ತಣ್ಣಗಿದೆ ಅಂದೆ.”

“ತಳ ಹಾಳಾಗಿ ಹೋಗಲಿ. ಈಗಲೇ ಅಂದೆ ನಾನೂ.”

ಫ್ಲೋರಿಸ್ ಅವಳ ಮುಖವನ್ನು ಒಂದು ಗಳಿಗೆ ನೋಡುತ್ತಾರೆ. ನೆಲಕ್ಕೆ ಕೈಯೂರಿ ಕಷ್ಟಪಟ್ಟು ಏಳುತ್ತಾರೆ.

“ಒಡೀರಿ.”

ಗೋಣಿ ಹಾರುತ್ತದೆ, ಕವೆಗೋಲುಗಳು ಬೀಳುತ್ತವೆ. ಇಟ್ಟಿಗೆ ಬಣ್ಣದ ಸೊಪ್ಪು ಹಬೆಯಾಡುತ್ತ ಕಣದ ತುಂಬ ಹರಡಿಕೊಳ್ಳುತ್ತದೆ. ಜೇನಿನ ವಾಸನೆ ಬೇಲಿ ದಾಟಿ ಮನೆಗಳ ಕಡೆ ಹೋಗುತ್ತದೆ. ಒಬ್ಬರನ್ನು ಬಿಟ್ಟು ಎಲ್ಲರಿಗೂ ಅದು ತಿಳಿಯುತ್ತದೆ. ತಳದ ಸೊಪ್ಪು ಕೆಂಪಾಗಿದೆ, ಆದರೆ ಅಲ್ಲಲ್ಲಿ ಹಸಿರು ಉಳಿದಿದೆ. ಅದು ಎಷ್ಟು ಕೆಡಿಸುತ್ತದೆ, ಕೆಡಿಸುತ್ತದೋ ಇಲ್ಲವೋ, ಇವತ್ತು ಇಲ್ಲಿ ಯಾರೂ ಹೇಳಲಾರರು. ಕೊಳ್ಳುವವರು ಬಟ್ಟಲು ಹಿಡಿಯುವುದು ಮುಂದಿನ ತಿಂಗಳು.

ಫ್ಲೋರಿಸ್ ಕಣದ ಕಟ್ಟೆಯ ಮೇಲೆ ಕೂತು, ತೋಳಿಗೆ ಅಂಟಿದ ಎಲೆಗಳನ್ನು ಒಂದೊಂದಾಗಿ ಬಿಡಿಸುತ್ತಾರೆ. ಹಳೆಯ ರೂಢಿ, ಒಂದನ್ನು ಮೂಗಿನವರೆಗೆ ಒಯ್ದು, ನೆನಪಾಗಿ, ಕೆಳಗೆ ಬಿಡುತ್ತಾರೆ.

“ಅವಳು ಸರಿಯೋ, ನಾನು ಸರಿಯೋ, ಗೊತ್ತಿಲ್ಲ,” ಅನ್ನುತ್ತಾರೆ. “ಆದರೆ ಮೂವತ್ತೊಂದು ವರ್ಷದಲ್ಲಿ ಈ ಕಣದಲ್ಲಿ ಯಾರೂ ನನಗೆ ‘ಅಲ್ಲ’ ಅಂದಿರಲಿಲ್ಲ. ಇವತ್ತು ಒಬ್ಬಳು ಅಂದಳು. ಹೋದ ವರ್ಷವೇ ಹಾಗೆ ಅನ್ನೋಕೆ ನಾನು ಬಿಟ್ಟಿದ್ದರೆ, ಅವಳ ಮಗಳು ಈಗ ಶಾಲೆಯಲ್ಲಿರುತ್ತಿದ್ದಳು.”